ದೋಣಿಯ ಬೆನ್ನ ಮೇಲೆ ಕೆರೆ

“ಎಡಕ್ಕೆ,” ಅಂದಳು ಹಿಂದೆ ಕೂತಿದ್ದ ಅಕ್ಕ, ಮಡಿಲ ಮೇಲಿನ ನಕ್ಷೆಗೆ ಬಗ್ಗಿ, ಕೆರೆ ತೋಡಿಸಿದವಳೇ ತಾನು ಅನ್ನೋ ಧಾಟಿಯಲ್ಲಿ. ದೋಣಿ ಎಡಕ್ಕೆ ತಿರುಗಿ ಜೊಂಡಿನೊಳಗೆ ಮೂಗು ತೂರಿಸಿ ನಿಂತಿತು. ಬೆಳಗಿನಿಂದ ಜೊಂಡಿಗೂ ಈ ದೋಣಿಗೂ ನೆಂಟಸ್ತನವೇ ಬೆಳೆದಿತ್ತು.

ಮುಂದೆ ಕೂತ ತಂಗಿ ಕೊರಳಿಗೆ ನೇತುಹಾಕಿಕೊಂಡಿದ್ದ ಹೊಸ ಜಿಪಿಎಸ್ ನೋಡಿದಳು. ಔಷಧಿ ಅಂಗಡಿ ನಡೆಸುವವಳು. ಡಾಕ್ಟರ ಕೈಬರಹ ಓದಿ ಓದಿ ಯಾವ ಗೀಚಿಗೂ ಹೆದರದವಳು. ಆದರೆ ಜಿಪಿಎಸ್ಸಿನ ಬಾಣಕ್ಕೆ ಗೊತ್ತಿದ್ದದ್ದು ಇಳಿಯಬೇಕಾದ ದಡ ಒಂದೇ. ನಡುವೆ ಗುಡ್ಡ ಬಂದರೆ ಅದು ಗುಡ್ಡದ ತಪ್ಪು. ಹಾಗಾಗಿ ದಡ ಯಂತ್ರದ್ದು, ದಾರಿ ನಕ್ಷೆಯದು, ನಕ್ಷೆ ಅಕ್ಕನದು ಅಂತ ಹೊರಡುವಾಗಲೇ ಒಪ್ಪಂದವಾಗಿತ್ತು.

ಅಕ್ಕ ದರ್ಜಿ. ವರ್ಷಕ್ಕೊಮ್ಮೆ ಹೊಲಿಗೆ ಮಿಷಿನ್‌ಗೆ ಮುಸುಕು ಹಾಕಿ, ತಂಗಿಯನ್ನು ಮುಂದೆ ಕೂರಿಸಿಕೊಂಡು ನೀರಿಗಿಳಿಯುತ್ತಿದ್ದಳು. ಈಗೀಗ ಸೂಜಿಗೆ ದಾರ ಪೋಣಿಸಿಕೊಡಿ ಅಂತ ಗಿರಾಕಿಗಳನ್ನೇ ಕೇಳುತ್ತಿದ್ದಳು. ದಾರವೇ ಕಾಣದವಳಿಗೆ ದಾರಿ ಎಲ್ಲಿಂದ ಕಾಣಬೇಕು? ನಕ್ಷೆಯ ಗೆರೆಗಳು ಇರುವೆ ಸಾಲಿನ ಹಾಗೆ ಒಂದರ ಮೇಲೊಂದು ಹತ್ತಿಕೊಂಡಿದ್ದವು. ಬಾಯಿಬಿಟ್ಟರೆ ಮುಂದಿನ ಸಲ ತಂಗಿ ತನ್ನನ್ನು ಮೂಟೆಯ ಹಾಗೆ ಮುಂದೆ ಕೂರಿಸ್ತಾಳೆ, ಅದರ ಮುಂದಿನ ಸಲ ಮನೆಯಲ್ಲೇ ಬಿಟ್ಟು ಬರ್ತಾಳೆ. ಅದಕ್ಕೇ ಹಳೇ ನೆನಪಿನ ಮೇಲೆ ದೋಣಿ ನಡೆಸುತ್ತಿದ್ದಳು.

ತಂಗಿ ಹಿಂದಕ್ಕೆ ತಿರುಗಿದಳು. “ಅಕ್ಕಾ, ನಕ್ಷೆ ತಲೆಕೆಳಗಾಗಿದೆ.”

“ದಕ್ಷಿಣಕ್ಕೆ ಹೋಗೋವಾಗ ಹಾಗೇ ಹಿಡ್ಕೋಬೇಕು ಕಣೇ.”

“ನಾವು ಉತ್ತರಕ್ಕೆ ಹೋಗ್ತಿದ್ದೀವಿ.”

ಅಕ್ಕ ಹುಟ್ಟನ್ನು ಅಡ್ಡಲಾಗಿ ಇಟ್ಟಳು. “ನಂಗೆ ಕಾಣಿಸ್ತಿಲ್ಲ. ನೀನು ಕಾಣಿಸ್ತೀಯ, ಗುಡ್ಡ ಕಾಣಿಸುತ್ತೆ. ನಕ್ಷೆ ಇಲ್ಲ.”

ತಂಗಿ ಬೈದಳು, ಹೊಟ್ಟೆ ತುಂಬಾ: ಹೇಳದೇ ಇದ್ದದ್ದಕ್ಕೆ, ಕಣ್ಣು ತೋರಿಸದೇ ಇದ್ದದ್ದಕ್ಕೆ, ಜೊಂಡಿನ ಸೊಳ್ಳೆಗಳ ಲೆಕ್ಕವನ್ನೂ ಸೇರಿಸಿ. ಊರಿಗೆ ಹೋದ ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗ್ತೀನಿ ಅಂದಳು. ಆಮೇಲೆ ಇಬ್ಬರೂ ಹಿಂದಕ್ಕೆ ಹುಟ್ಟು ಹಾಕಿ ಒಂದು ಬಂಡೆ ಹತ್ತಿ, ಒಳಗೆ ಸೇರಿದ್ದ ನೀರು ಚೆಲ್ಲಲು ದೋಣಿಯನ್ನು ಮೇಲಕ್ಕೆಳೆದು ಮಗುಚಿದರು.

ಮಗುಚಿದ ದೋಣಿಯನ್ನೇ ನೋಡುತ್ತಾ ನಿಂತ ಅಕ್ಕ ಅದರ ಕಪ್ಪು ಬೆನ್ನನ್ನು ಒರೆಸಿ, ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದಳು. ದರ್ಜಿಯ ಜೇಬಿಗೆ ರಜೆ ಎಲ್ಲಿ? “ನಿನ್ನ ಡಬ್ಬಿ ನಾವಿರೋ ಜಾಗದ ಅಂಕಿ ಹೇಳುತ್ತಲ್ಲ, ಅದು ನಕ್ಷೇಲಿ ಯಾವ ಚೌಕಕ್ಕೆ ಬರುತ್ತೆ ನೋಡು. ಸುತ್ತ ಏನಿದೆ ಹೇಳ್ತಾ ಹೋಗು.”

ತಂಗಿ ಓದುತ್ತಾ ಹೋದಳು. ಅಕ್ಕ ಕತ್ತರಿಸೋ ಬಟ್ಟೆಯ ಮೇಲೆ ಎಳೆಯುವ ಹಾಗೆ ಕೆರೆಯನ್ನು ಎಳೆದಳು. ತೋಳಿನಷ್ಟು ಉದ್ದದ ಕೊಲ್ಲಿ, ದ್ವೀಪಕ್ಕೊಂದು ಅಂಗಿಗುಂಡಿ, ಗುಡ್ಡದ ಹಿಂದೆ ಕೊರಳಿನಂಥ ಇಕ್ಕಟ್ಟು. ಅಲ್ಲಿ ಬೆರಳಿಟ್ಟು ಇದೇ ದಾರಿ ಅಂದಳು. ಮತ್ತೆ ಮತ್ತೆ ಸವರಿ ಮನಸ್ಸಿಗೆ ಹೊಲಿದುಕೊಂಡಳು.

“ನೀರಿಗಿಳಿಸಿದ್ರೆ ಅಳಿಸಿ ಹೋಗುತ್ತಲ್ಲ,” ಅಂದಳು ತಂಗಿ.

“ಹೋಗ್ಲಿ ಬಿಡು. ಅಳತೆ ತಗೊಂಡಾಯ್ತು.”

ದೋಣಿ ಇಳಿಸಿದ ಮೇಲೆ ಅಕ್ಕ ತಾನಾಗಿಯೇ ಮುಂದಿನ ಸೀಟಿನ ಕಡೆ ನಡೆದಳು. ಅಲ್ಲಿ ತಂಗಿ ಆಗಲೇ ಕೂತಿದ್ದಳು, ನಕ್ಷೆ ಮಡಿಲಲ್ಲಿ, ಡಬ್ಬಿ ಕೈಯಲ್ಲಿ.

“ಹಿಂದೆ ಹೋಗು,” ಅಂದಳು, ತಲೆ ಎತ್ತದೆ. “ನಂಗೆ ದೋಣಿ ತಿರುಗಿಸೋಕೆ ಬರಲ್ಲ.”

ಗುಡ್ಡದ ಹಿಂದೆ ನೀರು ಇಕ್ಕಟ್ಟಾಗಿ, ಆಮೇಲೆ ಒಮ್ಮೆಲೇ ಅಗಲವಾಯಿತು. ತಂಗಿ ಅಂಕಿ ಹೇಳುತ್ತಿದ್ದಳು. ಅಕ್ಕ ಹುಟ್ಟನ್ನು ಓರೆಯಾಗಿ ಹಿಡಿದಳು. ದೋಣಿ ಮೆಲ್ಲಗೆ ಬಲಕ್ಕೆ ಹೊರಳಿತು. ಹುಟ್ಟಿನಿಂದ ಉದುರಿದ ಹನಿಗಳು ಸಣ್ಣ ಸಣ್ಣ ಉಂಗುರ ಬಿಡಿಸುತ್ತಾ ಹಿಂದೆ ಉಳಿದವು.