ಜಂಬೇತ ಹೊರಡಿಸಿದ ದೋಣಿ

ಆಗಸ್ಟ್ ತಿಂಗಳ ನಡುಹಗಲಿನಲ್ಲಿ, ಬಂದರಿನ ಕಲ್ಲುಹಾಸು ಬರಿಗಾಲು ಸೋಕಿದರೆ ಬೊಬ್ಬೆ ಬರುವಷ್ಟು ಕಾದಿರುವಾಗ, ಗಂಡಸರೆಲ್ಲ ಅಂಗಿಯ ಗುಂಡಿ ಬಿಚ್ಚಿ ಕಾಫಿ ಅಂಗಡಿಯ ನೆರಳಿನಲ್ಲಿ ನಿಸ್ತೇಜರಾಗಿ ಬಿದ್ದುಕೊಂಡಿರುವಾಗ, ಮೊಣಕಾಲು ದಾಟಿ ಇಳಿಬಿದ್ದ ನಾವಿಕರ ದಪ್ಪ ಉಣ್ಣೆಕೋಟು ತೊಟ್ಟು, ಕೊರಳಿನವರೆಗೂ ಗುಂಡಿ ಹಾಕಿಕೊಂಡು, ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ವಾಲುತ್ತ, ಕಾಲಕೆಳಗಿನ ನೆಲವನ್ನು ನಂಬದವಳಂತೆ ಒಬ್ಬಾಕೆ ನಡೆದು ಬರುತ್ತಿದ್ದರೆ ಅವಳೇ ಜಂಬೇತ. ಕೋಟು ಗಂಡನದು. ಅವನು ಸತ್ತ ದಿನ ತೊಟ್ಟದ್ದನ್ನು ಆಕೆ ಚಳಿ, ಬೇಸಗೆ ಎಂಬ ಭೇದವಿಲ್ಲದೆ ತೊಟ್ಟಳು. ಹೊಸಬರು ಯಾರಾದರೂ ಮರುಕದಿಂದ "ಸೆಖೆ ಆಗಲ್ವಾ ತಾಯೀ?" ಎಂದರೆ, "ಚಳಿ ತಡೆಯೋ ಬಟ್ಟೆ ಸೆಖೆ ತಡೆಯಲ್ವಾ? ನಿನಗ್ಯಾಕಪ್ಪ ಬೆವರು?" ಎಂದು ಮುಂದೆ ಸಾಗುತ್ತಿದ್ದಳು.

ನಾನು ಈ ದ್ವೀಪದ ಶಾಲೆಯ ಮೇಷ್ಟ್ರು. ಆಕೆಯ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಆದ್ದರಿಂದ ಹೇಳುತ್ತೇನೆ, ಜಂಬೇತಳ ನೆರೆಯಲ್ಲಿ ಬದುಕುವವನಿಗೆ ಎದೆ ಗಟ್ಟಿಯಿರಬೇಕು, ಏಕೆಂದರೆ ಆಘಾತವೆಂಬುದು ಅಲ್ಲಿ ಕಟ್ಟಿಟ್ಟ ಬುತ್ತಿ. ಒಂದು ವರ್ಷ ಆಕೆ ತನ್ನ ಸ್ವಂತ ತಂಗಿಯ ಗಂಡನನ್ನು, ಹೇಳಿದ ಹೊತ್ತಿಗೆ ದೋಣಿಯ ಬಳಿ ಬರಲಿಲ್ಲವೆಂಬ ಒಂದೇ ಕಾರಣಕ್ಕೆ, ನರಪಿಳ್ಳೆಯಿಲ್ಲದ ಕಲ್ಲುದ್ವೀಪವೊಂದರಲ್ಲಿ ಬಿಟ್ಟು ಬಂದಳು. ತಂಗಿ ಬಂದರಿನಲ್ಲಿ ಎದೆ ಬಡಿದುಕೊಂಡು ಅಳುತ್ತಿದ್ದರೆ ಈಕೆ ನಿಶ್ಚಿಂತೆಯಿಂದ ಕಾಫಿ ಕುಡಿಯುತ್ತ, "ನೀರಿಟ್ಟು ಬಂದಿದೀನಿ, ಅರ್ಧ ಕಲ್ಲಂಗಡಿ ಇಟ್ಟು ಬಂದಿದೀನಿ. ಬೆಳಗ್ಗೆ ಮೀನಿನವರು ಹೋಗ್ತಾರಲ್ಲ, ಕರ್ಕೊಂಡು ಬರ್ತಾರೆ. ಒಂದು ರಾತ್ರಿ ಆಡುಗಳ ಜೊತೆ ಮಲಗಿದ್ರೆ ಗಂಡಸು ಕರಗಿಹೋಗಲ್ಲ" ಎಂದಳು. ನಾನು ಹೌಹಾರಿ ನಿಂತಿದ್ದೆ.

ನಮ್ಮ ದ್ವೀಪದ ಸುತ್ತ ಅಂಥ ಪುಟ್ಟ ದ್ವೀಪಗಳು ಅನೇಕ ಇವೆ. ಆಡುಗಳು, ಕುರುಚಲು ಪೊದೆಗಳು, ಯಾವನೋ ನಾವಿಕನ ಹರಕೆಯಿಂದ ಎದ್ದ ಸುಣ್ಣ ಬಳಿದ ಒಂದು ಚರ್ಚು, ಇಷ್ಟೇ ಅಲ್ಲಿನ ಐಶ್ವರ್ಯ. ಪ್ರತಿ ಬೇಸಗೆಯಲ್ಲಿ ಬೆಳಗ್ಗೆ ಹೊರಟು ಸಂಜೆಗೆ ಮರಳುವ ದೋಣಿಯಾತ್ರೆಯೊಂದನ್ನು ಹೂಡುವುದು ಜಂಬೇತಳ ಸ್ವಯಂಘೋಷಿತ ಅಧಿಕಾರವಾಗಿತ್ತು. ಕಾಫಿ ಅಂಗಡಿಯ ನಡುಮೇಜಿನ ಮೇಲೆ ತಿಂದುಗಿದ ಆಲಿವ್ ಬೀಜಗಳನ್ನು ಅಲ್ಲಲ್ಲಿ ಇಟ್ಟು ಅವೇ ದ್ವೀಪಗಳೆನ್ನುವಳು. ಬೆಂಕಿಪೆಟ್ಟಿಗೆಯನ್ನು ದೋಣಿ ಮಾಡಿ ಅವುಗಳ ನಡುವೆ ನಡೆಸುವಳು. ಎಲ್ಲಿ ಈಜು, ಎಲ್ಲಿ ಊಟ, ಯಾರು ಕುರುಕಲು ರೊಟ್ಟಿ ತರಬೇಕು, ಯಾರು ಒಣಗಿಸಿದ ಆಕ್ಟೋಪಸ್ ತರಬೇಕು, ಯಾರ ಸ್ಥೂಲಕಾಯ ದೋಣಿಯ ಯಾವ ಮಗ್ಗುಲಿಗೆ ಎಂಬುದೆಲ್ಲ ಅಲ್ಲೇ, ಎಲ್ಲರ ಕಿವಿಗೆ ಬೀಳುವಂತೆ, ಯಾರ ಮುಲಾಜೂ ಇಲ್ಲದೆ ತೀರ್ಮಾನವಾಗುತ್ತಿತ್ತು. ದೋಣಿಯ ಒಡೆಯ ಸ್ಟ್ರಾಟಿಸ್ ಒಮ್ಮೆ ಧೈರ್ಯ ಮಾಡಿ, ನಮ್ಮಲ್ಲಿ ಹಿರಿಯ ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ, "ಕೀರಾ ಜಂಬೇತಾ, ದೋಣಿ ನಂದು" ಎಂದ.

"ನಿಂದೇ ಕಣಪ್ಪ, ಯಾರು ಬೇಡ ಅಂದ್ರು? ಎಲ್ಲಿಗೆ ಹೋಗ್ಬೇಕು ಅನ್ನೋದು ಮಾತ್ರ ನಂದು."

ಇಷ್ಟೆಲ್ಲ ಯೋಜಿಸಿದ ಮೇಲೆ ಎದ್ದು ನಿಂತು, ಸಮುದ್ರಕ್ಕೆ ಕೇಳುವಂತೆ, "ನಾಳೆ ನಾವು ಎಲ್ಲಿಗೂ ಹೋಗ್ತಾ ಇಲ್ಲ!" ಎಂದು ಕೂಗಿ, ದೃಷ್ಟಿ ತಾಗದಿರಲೆಂದು ತೂ ತೂ ಎಂದು ಮೂರು ಸಲ ಎದೆಯ ಮೇಲೆ ಉಗಿದುಕೊಳ್ಳುವಳು. ಬಡಗಣ ಗಾಳಿಗೆ ಕಿವಿ ಚುರುಕು, ಹೋಗುತ್ತೇವೆಂದು ತಿಳಿದರೆ ಅದು ಅಂದೇ ಎದ್ದು ಬೀಸುತ್ತದೆಂಬುದು ಆಕೆಯ ಸಿದ್ಧಾಂತ. ಹೋಗುವುದಿಲ್ಲವೆಂದು ಕೇಳಿಸಿಕೊಂಡವರೆಲ್ಲ ಮರುದಿನ ಬೆಳ್ಳಂಬೆಳಗ್ಗೆ ಗಂಟುಮೂಟೆಯೊಡನೆ ಹಾಜರಾಗುತ್ತಿದ್ದರು.

ಇನ್ನು ಆಕೆಯ ಗಂಡನ ಮಾತು. ಅವನ ಹೆಸರು ನಿಕಿತಾಸ್ ವಾರ್ದಾಸ್. ಆದರೆ ಊರಿನಲ್ಲಿ ಆ ಹೆಸರು ಕೂಗಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಏಕೆಂದರೆ ಅದೇ ಹೆಸರಿನವರು ಇಬ್ಬರಿದ್ದರು. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುವುದು ಮುರಿಯಬಾರದ ಕಟ್ಟಳೆ. ಅಣ್ಣನ ಮಗನಿಗೂ ತಮ್ಮನ ಮಗನಿಗೂ ಅದೇ ತಾತ, ಅದೇ ಹೆಸರು, ಅದೇ ಮನೆತನ. ಆದ್ದರಿಂದ ಊರು ಅಡ್ಡಹೆಸರಿನಲ್ಲೇ ಉಸಿರಾಡುತ್ತದೆ. ಜಂಬೇತಳ ಗಂಡ ಗುಬ್ಬಿ. ಅವನ ದೊಡ್ಡಪ್ಪನ ಮಗ, ಹಡಗಿನ ಕೆಲಸದ ದಿನಗಳಲ್ಲಿ ಮುಂದಿನ ಹಲ್ಲಿಗೆ ಬಂಗಾರ ಕಟ್ಟಿಸಿಕೊಂಡು ಬಂದವನು, ಚಿನ್ನದಹಲ್ಲು. ಇಬ್ಬರ ತಂದೆಯರೂ ಸಮುದ್ರದಲ್ಲಿ ಕಳೆದುಹೋದವರು. ಇಬ್ಬರನ್ನೂ ಸ್ಕಿನೋ ಎಂಬ ಪುಟ್ಟ ದ್ವೀಪದಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿಸಿ ಬೆಳೆಸಿದವಳು ಅಜ್ಜಿ. ಅಜ್ಜಿ ಸತ್ತಳು, ಸ್ಕಿನೋ ಬರಿದಾಯಿತು, ಅಲ್ಲಿನ ಒಂದೇ ಒಂದು ಬಾವಿಯಲ್ಲಿ ಯಾರ ಆಡು ಮೊದಲು ಕುಡಿಯಬೇಕೆಂಬ ಜಗಳದಲ್ಲಿ ಇಬ್ಬರೂ ಹಾವು ಮುಂಗುಸಿಯಾದರು. ಆಮೇಲೆ ಸಾಯುವವರೆಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಿನ್ನದಹಲ್ಲು ಮದುವೆಯಾಗದೆ, ಹಿಂದೆಮುಂದೆ ಯಾರಿಲ್ಲದೆ ಸತ್ತ. ಮರುವರ್ಷ ಗುಬ್ಬಿಯೂ ಹೋದ.

ಸಾಯುವ ಮುನ್ನ ಗುಬ್ಬಿ ಹೆಂಡತಿಯ ಕೈ ಹಿಡಿದು ಕೇಳಿದ್ದು ಒಂದೇ: ತನ್ನನ್ನು ಸ್ಕಿನೋದಲ್ಲಿ ಅಜ್ಜಿಯ ಪಕ್ಕ ಇಡಬೇಕು. ಅಲ್ಲಿನ ಚರ್ಚಿನ ಹಿಂಗೋಡೆಯ ಗೂಡಿನಲ್ಲಿ ಅಜ್ಜಿಯ ಅಸ್ಥಿಯ ಪಕ್ಕ ಒಂದೇ ಪೆಟ್ಟಿಗೆಗೆ ಆಗುವಷ್ಟು ಜಾಗವಿತ್ತು. ಉಳಿದದ್ದು ಬಂಡೆ. ನಮ್ಮಲ್ಲಿ ಸತ್ತವನಿಗೆ ಮಣ್ಣು ಕೆಲವು ವರ್ಷಗಳ ಬಿಡಾರ ಮಾತ್ರ. ಆಮೇಲೆ ಅಗೆದು, ಮೂಳೆಗಳನ್ನು ದ್ರಾಕ್ಷಾರಸದಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು, ಸ್ಮಶಾನದ ಅಸ್ಥಿಮನೆಯ ಹಲಗೆಯ ಮೇಲೆ ಇಡುತ್ತೇವೆ. ಜಂಬೇತ ಗಂಡನನ್ನು ತನ್ನ ಕೈಯಾರೆ ತೊಳೆದವಳು. ತೊಳೆದ ದಿನವೇ ಪಾದ್ರಿಯನ್ನು ಕೇಳಿದಳು. "ಸತ್ತವರೇನು ಪಾರ್ಸೆಲ್ಲಾ ತಾಯಿ, ಅಲ್ಲಿಂದಿಲ್ಲಿಗೆ ಕಳಿಸೋಕೆ?" ಎಂದು ಪಾದ್ರಿ ಒಪ್ಪಲಿಲ್ಲ. ಸ್ಟ್ರಾಟಿಸನನ್ನು ಕೇಳಿದಳು. ಹೆಣದ ಎಲುಬು ಹೊತ್ತ ದೋಣಿಗೆ ಮತ್ತೆ ಮೀನು ಬೀಳುವುದಿಲ್ಲವೆಂದು ಅವನು ಶಿಲುಬೆಯ ಗುರುತು ಹಾಕಿಕೊಂಡು ಓಡಿಹೋದ. ಆಮೇಲೆ ಆಕೆ ಆ ಮಾತು ಎತ್ತಲಿಲ್ಲ. ಬಿಟ್ಟುಬಿಟ್ಟಳೆಂದು ನಾವೆಲ್ಲ ತಿಳಿದೆವು. ಎಂಥ ಮುಠ್ಠಾಳರು ನಾವು!

ಅದಾಗಿ ಕೆಲವು ವರ್ಷಗಳ ಮೇಲೆ ಒಂದು ಬೇಸಗೆಯಲ್ಲಿ ಆಕೆ ಯಾತ್ರೆಗೆ ದೇವಮಾತೆಯ ಹಬ್ಬದ ಮರುದಿನವನ್ನು ಆರಿಸಿದಳು. ಗಾಳಿಯ ತಿಂಗಳಿನ ನಟ್ಟನಡುವೆ ಏಕೆಂದು ಸ್ಟ್ರಾಟಿಸ್ ಗೊಣಗಿದ. ಆಲಿವ್ ಬೀಜಗಳ ಸಾಲಿನಲ್ಲಿ ಕೊನೆಯದು ಸ್ಕಿನೋ. ಬೆಳಗ್ಗೆ ಆಕೆ ಬಂದದ್ದು ದೊಡ್ಡ ಬೆತ್ತದ ಬುಟ್ಟಿಯೊಡನೆ. ಮೇಲೆ ಎರಡು ಕಲ್ಲಂಗಡಿ, ಅವುಗಳ ಕೆಳಗೆ ಬಟ್ಟೆ. ಯಾರಿಗೂ ಮುಟ್ಟಗೊಡದೆ ತಾನೇ ಹೊತ್ತು ತಂದು ನನ್ನ ಮೊಣಕಾಲಿಗೆ ತಾಗಿಸಿ ಇಟ್ಟು, "ಮೇಷ್ಟ್ರೇ, ಜೋಪಾನ. ಅಲುಗಾಡಬಾರದು" ಎಂದಳು. ಕಲ್ಲಂಗಡಿಗೆ ಇಷ್ಟು ಉಪಚಾರವೇ ಎಂದು ನಕ್ಕೆ. ಮಧ್ಯಾಹ್ನ ಎರಡನೆಯ ದ್ವೀಪದ ನೆರಳಿನಲ್ಲಿ, ಕಲ್ಲಂಗಡಿಗಳನ್ನು ತಣ್ಣಗಾಗಲೆಂದು ನೀರಿಗಿಳಿಸಿ, ಬೇಕರಿಯವನ ಹೆಂಡತಿ ಫೊತಿನಿ ಅದೇ ಬುಟ್ಟಿಯ ಮೇಲೆ ಹಲಗೆ ಹಾಸಿ ಚೀಸು, ಟೊಮೆಟೊ, ಆಲಿವ್ ಹರಡಿದಳು. ನಾನು ಹೊಟ್ಟೆ ಬಿರಿಯುವಂತೆ ಉಂಡೆ. ಉಂಡ ಮೇಲೆ ಹಾಡೊಂದು ನೆನಪಾಗಿ ಬುಟ್ಟಿಯ ಮಗ್ಗುಲಿಗೆ ತಾಳವನ್ನೂ ಹಾಕಿದೆ. ಜಂಬೇತ ನೋಡುತ್ತಲೇ ಇದ್ದಳು.

ಸ್ಕಿನೋ ಮುಟ್ಟಿದಾಗ ಸೂರ್ಯ ಪಶ್ಚಿಮಕ್ಕೆ ವಾಲಿದ್ದ. ಆಕೆ ಬುಟ್ಟಿಯನ್ನು ತಾನೇ ಹೊತ್ತು ಚರ್ಚಿನ ಹಿಂದಕ್ಕೆ ನಡೆದಳು. ಕುತೂಹಲದಿಂದ ನಾವು ಹಿಂಬಾಲಿಸಿದೆವು. ಬಟ್ಟೆ ಸರಿಸಿ ಆಕೆ ಹೊರತೆಗೆದದ್ದು ತಗಡಿನ ಪೆಟ್ಟಿಗೆ, ಮೇಲೆ ಕಪ್ಪು ಬಣ್ಣದಲ್ಲಿ ಬರೆದ ಹೆಸರು. ಫೊತಿನಿ ಕಿಟಾರನೆ ಕಿರುಚಿದಳು. ನಾನು ಉಂಡದ್ದು ಯಾವುದರ ಮೇಲೆ, ತಾಳ ಹಾಕಿದ್ದು ಯಾರ ಮೇಲೆ ಎಂಬುದು ನನಗೆ ಆಗ ಅರಿವಾಯಿತು.

"ಹೆಣಾನ?" ಎಂದ ಸ್ಟ್ರಾಟಿಸ್. ಅವನ ದನಿ ಹೆಂಗಸಿನ ದನಿಯಾಗಿತ್ತು. "ನನ್ನ ದೋಣೀಲಿ ಹೆಣಾನ ತಂದ್ಯಾ?"

"ಹೆಣ ಅಲ್ವೋ, ನನ್ನ ಗಂಡ. ನಿನ್ನ ದೋಣಿ ಮುಳುಗ್ತಾ? ಇಲ್ವಲ್ಲ! ಬಾಯಿ ಮುಚ್ಕೊಂಡು ಟೋಪಿ ತೆಗಿ."

ಅವನು ಟೋಪಿ ತೆಗೆದ. ಆಕೆ ಪ್ರಾರ್ಥನೆ ಗುನುಗುತ್ತ, ದ್ರಾಕ್ಷಾರಸ ಚಿಮುಕಿಸಲೆಂದು ಮುಚ್ಚಳ ತೆರೆದು, ಬಾಗಿದವಳು ಬಾಗಿದಂತೆಯೇ ನಿಂತುಬಿಟ್ಟಳು. ಇಳಿಬಿಸಿಲಿನಲ್ಲಿ ಪೆಟ್ಟಿಗೆಯೊಳಗಿನಿಂದ ಬಂಗಾರದ ಹಲ್ಲೊಂದು ಫಳ್ಳನೆ ಹೊಳೆಯಿತು.

"ಇವನು ನನ್ನವನಲ್ಲ," ಎಂದಳು ಜಂಬೇತ.

ಆದದ್ದು ಇಷ್ಟೇ. ಹಬ್ಬಕ್ಕೆ ಮುಂಚೆ ಅಸ್ಥಿಮನೆಗೆ ಸುಣ್ಣ ಬಳಿಯಲು ಪೆಟ್ಟಿಗೆಗಳನ್ನೆಲ್ಲ ಹೊರಗಿಟ್ಟು, ಮತ್ತೆ ಒಳಗಿಡುವಾಗ ಸಾಲು ತಪ್ಪಿಸಿದ್ದರು. ಈ ಪುಣ್ಯಾತ್ಗಿತ್ತಿ ಕನ್ನಡಕ ಹಾಕಿದರೆ ಮುದುಕಿಯಾಗುತ್ತೇನೆಂದು ಹಟ ಹಿಡಿದವಳು, ಹಬ್ಬದ ಮರುದಿನ ಊರೆಲ್ಲ ಮೈಮರೆತು ಮಲಗಿದ್ದ ನಸುಕಿನಲ್ಲಿ ಒಳನುಗ್ಗಿ ನಿಕಿತಾಸ್ ವಾರ್ದಾಸ್ ಎಂದಿರುವ ಪೆಟ್ಟಿಗೆಯನ್ನು ಎತ್ತಿಕೊಂಡಿದ್ದಳು. ಬದುಕಿಡೀ ಇಬ್ಬರನ್ನು ಬೇರೆ ಮಾಡಿದ್ದ ಅಡ್ಡಹೆಸರುಗಳನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ.

ಮೊದಲು ನಕ್ಕವನು ಸ್ಟ್ರಾಟಿಸ್, ಹೆದರಿದವರು ನಗುವ ನಗು. "ಕದಿಯೋಕೂ ಬರಲ್ವಲ್ಲ ನಿನಗೆ! ಕದ್ದಿದ್ದೂ ಕದ್ದೆ, ಬೇರೆಯವಳ ಗಂಡನ್ನ!"

"ಬೇರೆಯವಳು ಎಲ್ಲಿದ್ಲು ಇವನಿಗೆ?" ಎಂದಳು ಫೊತಿನಿ ಮೆಲ್ಲಗೆ.

ಜಂಬೇತ ಕಲ್ಲಿನ ಮೇಲೆ ಕುಸಿದು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಜೀವಂತ ಮನುಷ್ಯನನ್ನು ಬೈಯುವಂತೆ ಬೈಯತೊಡಗಿದಳು. "ಬಾವಿ ನಂದೇ ಅಂತ ನೀನಂದೆ. ದಾರಿ ನಂದೇ ಅಂತ ನೀನಂದೆ. ಅವನು ಜ್ವರದಲ್ಲಿ ಬಿದ್ದಾಗ ಕಿಟಕಿ ಮುಂದೆ ಹಾಡ್ಕೊಂಡು ಹೋದೆಯಲ್ಲೋ ಪಾಪಿ! ಈಗ ಅವನ ದೋಣಿಗೂ ನೀನೇ ಹತ್ತಿ ಬಂದ್ಯಾ?" ಎನ್ನುತ್ತ, ಕೋಪದಿಂದ ಒಂದು ಮೂಳೆಯನ್ನು ಕೈಗೆತ್ತಿಕೊಂಡವಳು ಥಟ್ಟನೆ ಅದನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಹೆಬ್ಬೆರಳಿನಿಂದ ಉಜ್ಜಿದಳು. ಕೆಂಪು ಮಣ್ಣಿನ ಹಕ್ಕಳೆ ಕಳಚಿ ಕೋಟಿನ ಮೇಲೆ ಬಿತ್ತು.

"ಇವನನ್ನ ಯಾರೂ ತೊಳೆದೇ ಇಲ್ವಲ್ಲ!" ಎಂದಳು. ಆಮೇಲೆ ತಲೆಯೆತ್ತಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಹಂಗೇ ಅಗೆದು, ಹಂಗೇ ತುಂಬಿದಾರೆ. ಆಲೂಗಡ್ಡೆ ತುಂಬಿದ ಹಾಗೆ."

ಈ ಆಘಾತದ ಮುಂದೆ ಬುಟ್ಟಿಯ ಆಘಾತ ಏನೂ ಅಲ್ಲ. ನಮ್ಮಲ್ಲಿ ಕೊಲೆಗಡುಕನನ್ನೂ ತೊಳೆಯದೆ ಪೆಟ್ಟಿಗೆಗೆ ಹಾಕುವುದಿಲ್ಲ. ತೊಳೆಯಬೇಕಾದದ್ದು ಮನೆಯ ಹೆಂಗಸು. ಚಿನ್ನದಹಲ್ಲಿಗೆ ಮನೆಯ ಹೆಂಗಸೆಂದು ಉಳಿದಿದ್ದವಳು ಈ ಒಬ್ಬಳೇ, ಮತ್ತು ಈಕೆಯನ್ನು ಯಾರೂ ಕರೆದಿರಲಿಲ್ಲ.

ಗಾಳಿ ಏಳತೊಡಗಿತ್ತು. ನೀರಿನ ಮೇಲೆ ಬಿಳಿ ನೊರೆ ಕಂಡು ಸ್ಟ್ರಾಟಿಸ್ ಚಡಪಡಿಸಿದ. ಆದರೂ ಆಕೆಯ ಮುಖ ನೋಡಿದವನು ತನ್ನ ಕಟ್ಟಳೆಯನ್ನು ತಾನೇ ಮುರಿದು, "ಆಯ್ತು ಕೀರಾ, ಮುಚ್ಚಳ ಗಟ್ಟಿ ಹಾಕು, ವಾಪಸ್ ತಗೊಂಡು ಹೋಗೋಣ. ಗುಬ್ಬೀನ ಇನ್ನೊಂದು ದಿನ ನಾನೇ ಕರ್ಕೊಂಡು ಬರ್ತೀನಿ. ದೇವರಾಣೆ" ಎಂದ. ಯಾವ ದೋಣಿಗಾಗಿ ಆಕೆ ಇಷ್ಟು ವರ್ಷ ಕಾದಿದ್ದಳೋ ಆ ದೋಣಿ ತಾನಾಗಿ ಕೈಗೆ ಬಂದಿತ್ತು. ನಮಗೆಲ್ಲ ಉಸಿರು ಬಂತು.

ಜಂಬೇತ ಕೋಟು ಬಿಚ್ಚಿದಳು. ಆಕೆ ಅದನ್ನು ಬಿಚ್ಚಿದ್ದನ್ನು ಅಲ್ಲಿಯವರೆಗೆ ನಾವು ಯಾರೂ ಕಂಡಿರಲಿಲ್ಲ, ಒಳಗೆ ಇಷ್ಟು ಚಿಕ್ಕ ದೇಹವಿದೆಯೆಂದೂ ತಿಳಿದಿರಲಿಲ್ಲ. ಕೋಟನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮೂಳೆಗಳನ್ನು ಒಂದೊಂದಾಗಿ ಇಟ್ಟು, ಗಂಡನಿಗೆಂದು ತಂದಿದ್ದ ದ್ರಾಕ್ಷಾರಸವನ್ನು ಸುರಿದು ತೊಳೆಯತೊಡಗಿದಳು. ತೊಳೆಯುತ್ತ ಬೈಗುಳ ನಿಲ್ಲಲಿಲ್ಲ. ಫೊತಿನಿ ತನ್ನ ತಲೆವಸ್ತ್ರ ಬಿಚ್ಚಿ ಒರೆಸಲು ಕೂತಳು. ಎಲ್ಲ ಮುಗಿದ ಮೇಲೆ ಆಕೆ ಪೆಟ್ಟಿಗೆಯನ್ನು ಎತ್ತಿ, ಅಜ್ಜಿಯ ಪಕ್ಕದ ಆ ಒಂದೇ ಜಾಗಕ್ಕೆ ಸರಿಸಿ ಕೂರಿಸಿದಳು.

ನನಗೆ ತಡೆಯಲಾಗಲಿಲ್ಲ. "ಏನು ಮಾಡ್ತಿದೀರಿ ತಾಯೀ? ಅದು ನಿಮ್ಮ ಯಜಮಾನರು ಕೇಳಿದ ಜಾಗ! ಇವನು ಅವರ ವೈರಿ!" ಎಂದು ಕೂಗಿಯೇ ಬಿಟ್ಟೆ.

"ಕಿರುಚ್ಬೇಡಿ ಮೇಷ್ಟ್ರೇ, ನಂಗೊತ್ತು," ಎಂದಳು. "ಅಜ್ಜಿ ಬಾಗಿಲಲ್ಲಿ ನಿಂತು ನಿಕಿತಾಸ್ ಅಂತ ಒಂದು ಸಲ ಕೂಗಿದ್ರೆ ಇಬ್ರೂ ಓಡಿ ಬರ್ತಿದ್ರಂತೆ. ಯಾವನು ಮೊದಲು ಬಂದ್ರೂ ನಿನ್ನಲ್ಲ ಹೋಗು ಅಂತ ಅವಳು ಅಂದವಳೇ ಅಲ್ವಂತೆ. ಬಂದಿದಾನೆ. ಬಂದವನನ್ನ ಬಾಗಿಲಿಂದ ಹೆಂಗೆ ವಾಪಸ್ ಕಳಿಸ್ಲಿ?"

"ಮತ್ತೆ ಗುಬ್ಬಿ?"

"ಅವನಿಗೆ ನಾನಿದೀನಿ. ಇವನಿಗೆ ಯಾರಿದಾರೆ? ಹೇಳ್ತೀನಿ ಅವನಿಗೆ. ಬೈಕೊಳ್ತಾನೆ. ಬದುಕಿದ್ದಾಗ ಬೈಕೊಂಡಿಲ್ವಾ?" ಎಂದವಳು ಗೋಡೆಯ ಕಡೆ ತಿರುಗಿಕೊಂಡಳು. ಆಮೇಲೆ ಬಹಳ ಹೊತ್ತು ಬಿಕ್ಕಿ ಬಿಕ್ಕಿ ಅತ್ತಳು. ಗಾಳಿ ಏರುತ್ತಿದ್ದರೂ ಸ್ಟ್ರಾಟಿಸ್ ಟೋಪಿ ಕೈಯಲ್ಲಿ ಹಿಡಿದು ಕಾದ.

ಆ ಶನಿವಾರ ಅಸ್ಥಿಮನೆಯ ಮುಂದೆ ಹಾದು ಹೋಗುವಾಗ ಒಳಗಿನಿಂದ ಆಕೆಯ ದನಿ ಕೇಳಿಸಿತು. ಗಂಡನಿಗೆ ವರದಿ ಒಪ್ಪಿಸುತ್ತಿದ್ದಳು, ನಡುನಡುವೆ ಅವನು ಎದುರಾಡಿದಂತೆ ಗದರುತ್ತಿದ್ದಳು. ನಾನು ನಿಲ್ಲಲಿಲ್ಲ.

ಇಂಥವರನ್ನು ಸಜ್ಜನರೆಂದು ಕರೆಯಲು ನನ್ನ ನಾಲಿಗೆ ಇಂದಿಗೂ ಹಿಂಜರಿಯುತ್ತದೆ. ಕೇಳದೆ ಕದಿಯುತ್ತಾರೆ, ತಿಳಿಸದೆ ಹೊರಿಸುತ್ತಾರೆ, ತಮ್ಮ ಹಟಕ್ಕೆ ಊರಿನ ಎದೆಬಡಿತವನ್ನು ಒತ್ತೆಯಿಡುತ್ತಾರೆ. ಆದರೆ ಲೋಕದಲ್ಲಿ ಶಿಷ್ಟರು ಸತ್ತವನಿಗೆ ಟೋಪಿ ತೆಗೆದು ಮನೆಗೆ ಹೋಗುತ್ತಾರೆ, ಅವನ ಮೈಯ ಮಣ್ಣು ಯಾರು ತೊಳೆದರೆಂದು ಕೇಳುವುದಿಲ್ಲ. ಕೇಳುವವರು ಈ ಒರಟರೇ. ವರ್ಷಗಟ್ಟಲೆ ತಮ್ಮವರಿಗಾಗಿ ಕಾದಿರಿಸಿದ ಜಾಗವನ್ನು ಒಂದು ಸಂಜೆಯಲ್ಲಿ ಪರರಿಗೆ ಬಿಟ್ಟುಕೊಟ್ಟು, ಬರಿಗೈಯಲ್ಲಿ ಮನೆಗೆ ಮರಳಿ, ತಮ್ಮವರ ಮುಂದೆ ತಾವೇ ತಪ್ಪಿತಸ್ಥರಂತೆ ನಿಲ್ಲುವವರೂ ಅವರೇ.