ಟೈಲರಮ್ಮನ ದಪ್ಪ ಪುಸ್ತಕ

"ಎಡಕ್ಕೆ ಮೇಷ್ಟ್ರೇ, ಎಡಕ್ಕೆ! ಅಯ್ಯೋ, ನನ್ನ ಎಡ ಅಲ್ಲ, ನಿಮ್ಮ ಎಡ!" ಎಂದು ಬೇಕರಿಯವನು ಮೇಲಿನ ಮೆಟ್ಟಿಲಿನಿಂದ ಕೂಗಿದ.

ಉದ್ದನೆಯ ಬೆಂಚು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಒಂದು ತುದಿ ಬೇಕರಿಯವನ ಕೈಯಲ್ಲಿ, ಇನ್ನೊಂದು ತುದಿ ನಿವೃತ್ತ ಗಣಿತದ ಮೇಷ್ಟ್ರ ಹೊಟ್ಟೆಯ ಮೇಲೆ. ಮೂವತ್ತೈದು ವರ್ಷ ರೇಖಾಗಣಿತ ಹೇಳಿಕೊಟ್ಟ ಮನುಷ್ಯನಿಗೆ ಒಂದು ಬೆಂಚನ್ನು ಮೂಲೆ ತಿರುಗಿಸಲು ಬರಲಿಲ್ಲ, ನೋಡಿ.

"ತುದಿ ಮೇಲೆತ್ತಿ ಸಾರ್. ಹಾಂ, ಓರೆ ಮಾಡಿ. ಈಗ ತಿರುಗಿಸಿ." ಕೆಳಗಿನಿಂದ ಬಂದ ಟೈಲರಮ್ಮನ ಮಗಳು ಬೆಂಚಿನ ಅಡಿಗೆ ಭುಜ ಕೊಟ್ಟಳು. ಬೆಂಚು ಸಲೀಸಾಗಿ ಮೇಲೆ ಹೋಯಿತು. ಅವಳು ಬಸ್ ಡ್ರೈವರ್. ಉದ್ದನೆಯ ವಸ್ತುವನ್ನು ಇಕ್ಕಟ್ಟಿನ ತಿರುವಿನಲ್ಲಿ ನುಗ್ಗಿಸುವುದು ಅವಳಿಗೆ ದಿನನಿತ್ಯದ ಕೆಲಸ.

ಅಂದು ಬೆಳಿಗ್ಗೆಯಷ್ಟೇ ಟೈಲರಮ್ಮನನ್ನು ಮಣ್ಣು ಮಾಡಿ ಬಂದಿದ್ದರು. ಈಗ ಆಕೆಯ ಅಂಗಡಿಯ ಮೇಲಿನ ಕೋಣೆಯಲ್ಲಿ ಬೀದಿಯವರೆಲ್ಲ ಸೇರುತ್ತಿದ್ದರು. ಕತ್ತರಿಸುವ ಮೇಜಿನ ಮೇಲೆ ಕಾಫಿಯ ಲೋಟಗಳು, ಬೇಕರಿಯವನು ತಂದ ಬ್ರೆಡ್ಡು. ಮೂಲೆಯಲ್ಲಿ ಮುಸುಕು ಹಾಕಿಟ್ಟ ಹೊಲಿಗೆ ಯಂತ್ರ, ಅದರ ಮೇಲೆ ಆ ದಪ್ಪ ಪುಸ್ತಕ. ಗಣಿತ ಮತ್ತು ಹೊಸ ಕಾಲದ ಭೌತವಿಜ್ಞಾನದ ಪುಸ್ತಕ. ಸಾಮಾನ್ಯ ಓದುಗರಿಗಾಗಿ ಬರೆದದ್ದಂತೆ. ಆದರೆ ಆ ಸಾಮಾನ್ಯ ಓದುಗ ಯಾರೋ, ಬೀದಿಯಲ್ಲಿ ಯಾರೂ ಕಂಡವರಿಲ್ಲ.

ಮಗಳು ಮೇಷ್ಟ್ರನ್ನು ಕಿಟಕಿಯ ಪಕ್ಕಕ್ಕೆ ಕರೆದಳು. ಅತ್ತು ಅತ್ತು ಕಣ್ಣು ಊದಿತ್ತು.

"ಸಾರ್, ಎಲ್ಲರೂ ಕೂತ ಮೇಲೆ ನೀವು ನಾಲ್ಕು ಮಾತಾಡಬೇಕು. ಅಮ್ಮನ ಪುಸ್ತಕದ ವಿಷಯ."

"ನಾನಾ?"

"ಮತ್ತಿನ್ಯಾರು? ಹನ್ನೊಂದು ವರ್ಷ, ಪ್ರತಿ ಭಾನುವಾರ ಕೂರಿಸಿಕೊಂಡು ಹೇಳಿಕೊಟ್ಟಿದ್ದೀರಿ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವರ ತಲೆಗೆ ಅಂಥಾ ಪುಸ್ತಕ ಹತ್ತಿಸೋದು ಅಂದ್ರೆ ಹುಡುಗಾಟಾನಾ? ನಮ್ಮ ಮನೆಯವರ ತಲೆ ಎಂಥದ್ದು ಅಂತ ನನ್ನನ್ನ ನೋಡಿಯೇ ನಿಮಗೆ ಗೊತ್ತಿತ್ತಲ್ಲ." ಅವಳು ಅಳುವಿನ ನಡುವೆ ನಕ್ಕಳು.

ಮೇಷ್ಟ್ರು ನಿಜವನ್ನು ಆಗಲೇ ಹೇಳಿಬಿಡಬಹುದಿತ್ತು. ಕಿಟಕಿಯ ಬಳಿ ಇದ್ದದ್ದು ಅವರಿಬ್ಬರೇ, ಕೇಳುವವರು ಬೇರೆ ಯಾರೂ ಇರಲಿಲ್ಲ. ಬಾಯಿ ತೆರೆದರು. ಬಂದದ್ದು ಮಾತ್ರ, "ಆಗಲಿ, ಆಗಲಿ."

*

ಹನ್ನೊಂದು ವರ್ಷದ ಹಿಂದೆ ಟೈಲರಮ್ಮನ ಹೊಲಿಗೆ ಯಂತ್ರದ ಒಂದು ಕಾಲು ಕುಂಟತೊಡಗಿತ್ತು. ಆ ಕಾಲಿನ ಅಡಿಗೆ ಇಡಲು ದಪ್ಪನೆಯದು ಏನಾದರೂ ಬೇಕೆಂದು ಆಕೆ ರದ್ದಿ ಅಂಗಡಿಯಿಂದ ಒಂದು ಪುಸ್ತಕ ತಂದಳು. ಕಾಲಿನ ಕೆಳಗೆ ತಳ್ಳುವ ಮೊದಲು ಮೊದಲ ಪುಟ ತೆರೆದಳು, ಅಷ್ಟೇ ಆದದ್ದು. ಶಾಲೆಯ ಗಣಿತ ಮರೆತವರೂ ಇದನ್ನು ಓದಬಹುದು, ತಾಳ್ಮೆ ಇದ್ದರೆ ಸಾಕು ಎಂದು ಅಲ್ಲಿ ಬರೆದಿತ್ತು. ಟೈಲರಮ್ಮ ಅದನ್ನು ನಂಬಿದಳು. ಯಂತ್ರ ಇನ್ನೂ ಒಂದು ತಿಂಗಳು ಕುಂಟುತ್ತಲೇ ಇತ್ತು.

ಒಂದು ಭಾನುವಾರ ಪುಸ್ತಕವನ್ನು ಅವುಚಿಕೊಂಡು ಮೇಷ್ಟ್ರ ಮನೆಯ ಬಾಗಿಲು ತಟ್ಟಿದಳು.

"ಮೇಷ್ಟ್ರೇ, ಇಲ್ಲಿ ಮೈನಸ್ ಒಂದರ ವರ್ಗಮೂಲ ಅಂತ ಬರೆದಿದ್ದಾರೆ. ಯಾವ ಸಂಖ್ಯೆಯನ್ನ ಅದರಿಂದಲೇ ಗುಣಿಸಿದ್ರೆ ಮೈನಸ್ ಒಂದು ಬರುತ್ತೆ?"

"ಅದು ಕಾಲ್ಪನಿಕ ಸಂಖ್ಯೆ ಕಣಮ್ಮ. ಇದೆ ಅಂತ ಇಟ್ಕೊಳ್ಳೋದು."

"ಯಾಕೆ ಇಟ್ಕೋಬೇಕು?"

"ಯಾಕೆ ಅಂದ್ರೆ... ಇಟ್ಕೋಬೇಕು. ನಿಯಮ."

ಈ ಉತ್ತರಕ್ಕೆ ಮೂವತ್ತೈದು ವರ್ಷದ ತರಗತಿಗಳೆಲ್ಲ ಬಾಯಿ ಮುಚ್ಚಿಕೊಂಡು ಕೂತಿದ್ದವು. ಮೇಷ್ಟ್ರಿಗೆ 'ಸೊನ್ನೆ ಮೇಷ್ಟ್ರು' ಎಂಬ ಹೆಸರು ಸುಮ್ಮನೆ ಬಂದಿರಲಿಲ್ಲ. ಟೈಲರಮ್ಮ ಮಾತ್ರ ನಕ್ಕುಬಿಟ್ಟಳು. "ಅಷ್ಟಕ್ಕೇ ಸುಮ್ಮನಾಗೋಕೆ ನಾನೇನು ಪರೀಕ್ಷೆ ಬರೀಬೇಕಾ? ಬಿಡಿ, ಇನ್ನೊಂದು ಸಲ ಓದ್ತೀನಿ."

ಮುಂದಿನ ಭಾನುವಾರ ಬಂದವಳೇ ಮೇಷ್ಟ್ರನ್ನು ಅಂಗಡಿಗೆ ಎಳೆದುಕೊಂಡು ಹೋದಳು. ಯಂತ್ರದ ಮುಂದೆ ಕೂತು ಒಂದು ಬಿಳಿ ತುಂಡಿನ ಮೇಲೆ ನೇರವಾಗಿ ಹೊಲಿಯತೊಡಗಿದಳು.

"ನೋಡಿ, ಒಂದು, ಎರಡು, ಮೂರು ಅಂತ ಮುಂದಕ್ಕೆ ಹೋಗೋ ಹೊಲಿಗೆ. ಈಗ ನನಗೆ ಹಿಂದಕ್ಕೆ ಬರಬೇಕು. ಮೈನಸ್. ಏನು ಮಾಡ್ತೀನಿ? ಸೂಜಿ ಬಟ್ಟೆಯೊಳಗೇ ಇರಲಿ. ಬಟ್ಟೆ ಒತ್ತಿಹಿಡಿಯೋ ಈ ಕಾಲು ಮೇಲಕ್ಕೆ. ಬಟ್ಟೆ ಹಿಂದುಮುಂದಾಗಿ ತಿರುಗಿಸಿದೆ. ಆಯ್ತಾ?"

"ಆಯ್ತು."

"ಈ ತಿರುವನ್ನೇ ಎರಡು ಸಮ ಕಂತಿನಲ್ಲಿ ಮಾಡಿದ್ರೆ? ಒಂದು ಸಲ ಮೂಲೆಗೆ ತಿರುಗಿಸಿದೆ. ಇನ್ನೊಂದು ಸಲ ಮೂಲೆಗೆ ತಿರುಗಿಸಿದೆ. ಹಿಂದಕ್ಕೆ ಮುಖ! ಎರಡು ಸಲ ಮಾಡಿದ್ರೆ ಮೈನಸ್ ಆಗುತ್ತಲ್ಲ, ಆ ಒಂದೊಂದು ಮೂಲೆ ತಿರುವೇ ನಿಮ್ಮ ವರ್ಗಮೂಲ. ಕಾಲ್ಪನಿಕ ಎಲ್ಲಿಂದ ಬಂತು ಮೇಷ್ಟ್ರೇ, ಕರವಸ್ತ್ರದ ನಾಲ್ಕು ಮೂಲೇಲೂ ದಿನಾ ಇದನ್ನೇ ಮಾಡ್ತೀನಲ್ಲ!"

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದು ಕೂತರು. ಆ ಚಿಹ್ನೆಯನ್ನು ಕಪ್ಪು ಹಲಗೆಯ ಮೇಲೆ ಅವರು ಎಷ್ಟು ಸಾವಿರ ಸಲ ಬರೆದಿದ್ದರೋ. ಒಂದು ಸಲವೂ ಅದು ತಿರುಗಿರಲಿಲ್ಲ. ಸಂತೋಷಕ್ಕೆ ಮೈ ಜುಮ್ಮೆಂದಿತು, ಅದರ ಹಿಂದೆಯೇ ನಾಚಿಕೆಯೂ ಬಂತು.

ಅದೇ ಹೊತ್ತಿಗೆ ಬೇಕರಿಯವನು ಬಾಗಿಲಲ್ಲಿ ತಲೆ ತೂರಿಸಬೇಕೆ? "ಓಹೋ, ಮೇಷ್ಟ್ರ ಪಾಠ ನಡೀತಾ ಇದೆ! ಪುಣ್ಯಾತ್ಮರಪ್ಪ ನೀವು, ಟೈಲರಮ್ಮನಿಗೂ ಲೆಕ್ಕ ಕಲಿಸ್ತೀರಲ್ಲ!"

ಮೇಷ್ಟ್ರು ಟೈಲರಮ್ಮನ ಮುಖ ನೋಡಿದರು. ಆಕೆ ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು, ಬೇಕರಿಯವನಿಗೆ ಕಾಣದ ಹಾಗೆ ಕಣ್ಣು ಮಿಟುಕಿಸಿದಳು. "ಹೂಂ ಮತ್ತೆ. ಮೇಷ್ಟ್ರು ಬಹಳ ಚೆನ್ನಾಗಿ ಹೇಳಿಕೊಡ್ತಾರೆ."

ಬೇಕರಿಯವನಿಗೆ ಗೊತ್ತಾದದ್ದು ಬ್ರೆಡ್ಡಿನ ಜೊತೆಗೆ ಮನೆಮನೆಗೂ ತಲುಪುತ್ತದೆ. ಸಂಜೆಯೊಳಗೆ ಬೀದಿಯೆಲ್ಲ ಮೇಷ್ಟ್ರನ್ನು ಹೊಗಳಿತು. ಹನ್ನೊಂದು ವರ್ಷ ಹೊಗಳುತ್ತಲೇ ಇತ್ತು. ಹೊಗಳಿಕೆ ಅಭ್ಯಾಸವಾಗಿಬಿಡುತ್ತದೆ, ಏನು ಮಾಡುತ್ತೀರಿ.

*

ಮೂರು ವಾರದ ಹಿಂದೆ ಆಸ್ಪತ್ರೆಯಲ್ಲಿ ಟೈಲರಮ್ಮ ದಿಂಬಿಗೆ ಒರಗಿ ಕೂತಿದ್ದಳು. ಕೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು. "ಈ ನರ್ಸಮ್ಮನ ಹೊಲಿಗೆ ಏನೂ ಚೆನ್ನಾಗಿಲ್ಲ" ಎಂದು ತಮಾಷೆ ಮಾಡಿದಳು. ಆಮೇಲೆ ದನಿ ತಗ್ಗಿಸಿದಳು.

"ಮೇಷ್ಟ್ರೇ, ನಿಮ್ಮ ಹತ್ರ ಏನೂ ಕೇಳಿದವಳಲ್ಲ. ಇವತ್ತು ಒಂದು ಕೇಳ್ತೀನಿ."

"ಕೇಳಿ."

"ಇಪ್ಪತ್ತೈದು ವರ್ಷದ ಹಿಂದೆ ನನ್ನನ್ನ ಸ್ಕೂಲಿಗೆ ಕರೆಸಿದ್ರಿ. ಮಗಳು ಪಕ್ಕದಲ್ಲೇ ನಿಂತಿದ್ದಳು. 'ಈ ಹುಡುಗಿಗೆ ಲೆಕ್ಕ ಹತ್ತೋದಿಲ್ಲ, ನಿಮ್ಮ ಹಾಗೇ ಹೊಲಿಗೆ ಕಲಿಸಿಬಿಡಿ' ಅಂದ್ರಿ. ನೆನಪಿದೆಯಾ?"

ಮೇಷ್ಟ್ರಿಗೆ ನೆನಪಿರಲಿಲ್ಲ. ಎಷ್ಟೋ ತಾಯಂದಿರಿಗೆ ಹಾಗೆ ಹೇಳಿದ್ದರು. ತಲೆ ತಗ್ಗಿಸಿದರು.

"ಅವಳ ಡಿಪೋದಲ್ಲಿ ಬಸ್ಸುಗಳ ವೇಳಾಪಟ್ಟಿ ಹಾಕೋ ಕೆಲಸ ಖಾಲಿ ಇದೆ. ಗಣಿತದ ಪರೀಕ್ಷೆ ಬರೀಬೇಕು. ಎರಡು ಸಲ ಅರ್ಜಿ ತಂದಳು, ಎರಡು ಸಲ ಹರಿದು ಹಾಕಿದಳು. 'ನಮ್ಮ ವಂಶಕ್ಕೇ ಲೆಕ್ಕ ಹತ್ತಲ್ಲಮ್ಮ, ನಿನಗೂ ಮೇಷ್ಟ್ರು ಇದ್ದದ್ದಕ್ಕೆ ಆಯ್ತು' ಅಂತಾಳೆ."

"ನೀವೇ ಹೇಳಬಹುದಲ್ಲ, ಯಾರು ಯಾರಿಗೆ ಕಲಿಸಿದ್ದು ಅಂತ."

"ಹೇಳಿದೆ. ಜಂಬ ಕೊಚ್ಚಿಕೋಬೇಡಮ್ಮ ಅಂತ ನಕ್ಕಳು. ನೀವು ಆಡಿದ ಮಾತು ನೀವೇ ವಾಪಸ್ ತಗೋಬೇಕು ಮೇಷ್ಟ್ರೇ. ಬೀದಿಯವರ ಹೊಗಳಿಕೆ ನಿಮಗೇ ಇರಲಿ, ನನಗೆ ಬೇಡ. ಅವಳ ತಲೆ ಅವಳಿಗೆ ವಾಪಸ್ ಕೊಡಿ."

"ನೋಡೋಣ. ಮೊದಲು ನೀವು ಹುಷಾರಾಗಿ ಮನೆಗೆ ಬನ್ನಿ."

ಟೈಲರಮ್ಮ ಮನೆಗೆ ಬರಲಿಲ್ಲ.

*

ಕೋಣೆ ತುಂಬಿತ್ತು. ಬೇಕರಿಯವನು ಗಂಟಲು ಸರಿಮಾಡಿಕೊಂಡು, "ಈಗ ನಮ್ಮ ಟೈಲರಮ್ಮನಿಗೆ ವಿದ್ಯಾದಾನ ಮಾಡಿದ ಮೇಷ್ಟ್ರು ಮಾತಾಡ್ತಾರೆ" ಎಂದ.

ಮೇಷ್ಟ್ರು ಎದ್ದು ನಿಂತರು. ಎದುರಿಗಿದ್ದವರಲ್ಲಿ ಅರ್ಧ ಜನ ಅವರಿಂದ ಸೊನ್ನೆ ತೆಗೆದುಕೊಂಡವರೇ.

"ಟೈಲರಮ್ಮ ಬಹಳ ಶ್ರದ್ಧೆಯ ವಿದ್ಯಾರ್ಥಿನಿ..." ಎಂದು ಶುರುಮಾಡಿದರು. ಮಗಳು ಹೌದೆಂದು ತಲೆಯಾಡಿಸಿ ಕಣ್ಣೊರೆಸಿಕೊಂಡಳು. ಆ ತಲೆಯಾಡಿಸುವಿಕೆ ಮೇಷ್ಟ್ರಿಗೆ ನೋಡಲಾಗಲಿಲ್ಲ.

"ಸುಳ್ಳು" ಎಂದರು. "ವಿದ್ಯಾರ್ಥಿ ನಾನು. ಮೇಷ್ಟ್ರು ಅವರು. ಹನ್ನೊಂದು ವರ್ಷ ಅವರು ಹೇಳಿಕೊಟ್ಟರು, ನಾನು ಕಲಿತೆ. ಹೆಸರು ಮಾತ್ರ ನಾನು ತಗೊಂಡೆ."

ಹೇಳಿದ್ದಾಯಿತು, ಇನ್ನು ಆಕಾಶ ಬೀಳುತ್ತದೆ ಎಂದು ಮೇಷ್ಟ್ರು ಕಾದರು. ಆಕಾಶ ಬೀಳಲಿಲ್ಲ. ಅದಕ್ಕಿಂತ ದೊಡ್ಡ ಪಜೀತಿಯಾಯಿತು. ಅವರ ಮಾತನ್ನು ಒಬ್ಬರೂ ನಂಬಲಿಲ್ಲ.

"ದುಃಖದಲ್ಲಿದ್ದೀರಿ, ಕೂತ್ಕೊಳ್ಳಿ ಮೇಷ್ಟ್ರೇ" ಎಂದು ಬೇಕರಿಯವನು ಅವರ ತೋಳು ಹಿಡಿದ. "ನೋಡ್ರಪ್ಪ, ಎಷ್ಟು ವಿನಯ!"

"ವಿನಯ ಅಲ್ಲಯ್ಯಾ, ಕರ್ಮ! ನಿಜ ಹೇಳ್ತಾ ಇದ್ದೀನಿ!"

ಮಗಳು ಎದ್ದು ಬಂದಳು. "ಸಾರ್, ನಿಮ್ಮದು ದೊಡ್ಡ ಮನಸ್ಸು. ಆದ್ರೆ ಅಮ್ಮನ್ನ ಮೇಲೆತ್ತೋಕೆ ನೀವು ಕೆಳಗಿಳೀಬೇಕಾಗಿಲ್ಲ. ನಮಗೆ ಗೊತ್ತು ನಮ್ಮ ಮಟ್ಟ."

ನಮ್ಮ ಮಟ್ಟ! ಮೇಷ್ಟ್ರಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಆ ಮಾತನ್ನು ಅವಳ ಬಾಯಿಗೆ ತುರುಕಿದವರು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೇಕರಿಯವನ ಕೈ ಕೊಡವಿದರು.

"ನಂಬಬೇಡಿ. ಪರೀಕ್ಷೆ ಮಾಡಿ. ಆ ಪುಸ್ತಕದಲ್ಲಿ ಜಾಗ ಬಾಗುತ್ತೆ ಅಂತ ಒಂದು ಅಧ್ಯಾಯ ಇದೆ. ಸೂರ್ಯನ ಹತ್ತಿರ ಆಕಾಶವೇ ಬಾಗಿದೆಯಂತೆ. ನಾಲ್ಕು ತಿಂಗಳು ಒದ್ದಾಡಿದೆ, ಒಂದಕ್ಷರ ಹತ್ತಲಿಲ್ಲ. ಟೈಲರಮ್ಮ ನನಗೆ ಅದನ್ನ ಹೇಗೆ ತಿಳಿಸಿದ್ರು ಅಂತ ಹೇಳ್ತೀನಿ. ಗಣಿತದ ಮೇಷ್ಟ್ರಿಗೆ ಅದು ಹೊಳೆಯೋಕೆ ಸಾಧ್ಯವಾ ಅಂತ ನೀವೇ ಹೇಳಿ. ಎಲ್ಲರೂ ನಿಮ್ಮ ನಿಮ್ಮ ಕೋಟಿನ ಸೊಂಟದ ಹತ್ತಿರ ಕೈ ಇಡಿ."

ಜನ ಮುಖ ಮುಖ ನೋಡಿಕೊಂಡರು. ಹಳೆಯ ಭಯವೋ ಏನೋ, ಕೈ ಇಟ್ಟರು. ಸಾವಿಗೆಂದು ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಬೀದಿಯಲ್ಲಿ ಒಳ್ಳೆಯ ಬಟ್ಟೆ ಎಂದರೆ ಟೈಲರಮ್ಮ ಹೊಲಿದದ್ದೇ.

"ಅಲ್ಲಿ ಒಂದು ಮಡಿಕೆ ಹೊಲಿದಿರುತ್ತೆ. ಮೇಲೆ ಹೋಗ್ತಾ ಹೋಗ್ತಾ ಮೊನೆಯಾಗಿ ಮಾಯವಾಗುತ್ತೆ. ಡಾರ್ಟ್ ಅಂತಾರೆ. ಸಿಕ್ತಾ? ಹೊಲಿಯೋ ಮೊದಲು ಥಾನಿನಲ್ಲಿ ಬಟ್ಟೆ ಚಪ್ಪಟೆ, ನಮ್ಮ ಮೈ ಚಪ್ಪಟೆ ಅಲ್ಲ. ಅದಕ್ಕೇ ಬಟ್ಟೆಯಲ್ಲಿ ಒಂದು ಮೊನೆ ತುಂಡನ್ನ ಚಿವುಟಿ ಹೊಲಿಯೋದು. ಆಗ ಬಟ್ಟೆ ಉಬ್ಬುತ್ತೆ. ತ್ರಿಕೋನದ ಮೂರು ಕೋನ ಕೂಡಿಸಿದ್ರೆ ನೂರ ಎಂಬತ್ತು ಡಿಗ್ರಿ ಅಂತ ನಿಮಗೆಲ್ಲ ಬಾಯಿಪಾಠ ಮಾಡಿಸಿದೆ. ಆ ಮೊನೆಯ ಸುತ್ತ ತ್ರಿಕೋನ ಎಳೆದು ಅಳೆದು ನೋಡಿ, ಜಾಸ್ತಿ ಬರುತ್ತೆ. ನಾನು ಆಗೋದೇ ಇಲ್ಲ ಅಂದೆ. ಟೈಲರಮ್ಮ ನನ್ನ ಕೋಟಿನ ಮೇಲೇ ಸೀಮೆಸುಣ್ಣದಲ್ಲಿ ಎಳೆದು ತೋರಿಸಿದ್ರು. 'ಮೈ ಇದ್ದ ಕಡೆ ಬಟ್ಟೆ ಚಪ್ಪಟೆಯಾಗಿ ಕೂರಲ್ಲ ಮೇಷ್ಟ್ರೇ. ಸೂರ್ಯನದ್ದೂ ಮೈಯಲ್ವಾ, ಅದಕ್ಕೇ ಆಕಾಶಕ್ಕೂ ಡಾರ್ಟ್ ಬಿದ್ದಿದೆ' ಅಂದ್ರು. ಅಷ್ಟೇ. ನನ್ನ ನಾಲ್ಕು ತಿಂಗಳು ಒಂದು ಮಾತಿನಲ್ಲಿ ಮುಗೀತು."

ಕೋಣೆಯ ತುಂಬ ಬೆರಳುಗಳು ಹೊಲಿಗೆಯ ಮೇಲೆ ಮೆಲ್ಲಗೆ ಓಡಾಡಿದವು. ಬೇಕರಿಯವನು ತನ್ನ ಹೊಟ್ಟೆಯ ಬಳಿಯ ಮೊನೆಯನ್ನು ಒತ್ತಿ ಒತ್ತಿ ನೋಡಿದ. "ಇದು ಟೈಲರಮ್ಮನದ್ದೇ ಮಾತು" ಎಂದ ಸಣ್ಣಗೆ. "ನಿಮಗೆ ಹೊಳೆಯೋ ಮಾತಲ್ಲ ಬಿಡಿ, ಬೇಜಾರು ಮಾಡ್ಕೋಬೇಡಿ."

ಮಗಳು ಹೆಬ್ಬೆರಳಿನಿಂದ ತನ್ನ ಕೋಟಿನ ಮಡಿಕೆಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಸವರುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು.

"ಸಾರ್."

"ಏನಮ್ಮ?"

"ತುಂಡು ಚಿವುಟಿ ತೆಗೆದ್ರೆ ಕೋನ ಜಾಸ್ತಿ ಆಗುತ್ತೆ ಅಂದ್ರಿ. ತೆಗೆಯೋ ಬದಲು ಒಂದು ತುಂಡು ಸೇರಿಸಿ ಹೊಲಿದ್ರೆ? ಆಗ ಕಮ್ಮಿ ಆಗಬೇಕಲ್ವಾ?"

ಮೇಷ್ಟ್ರು ಅವಳನ್ನೇ ನೋಡಿದರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಅದು ಮುಂದಿನ ಅಧ್ಯಾಯ. ಈ ಪ್ರಶ್ನೆ ಕೇಳೋಕೆ ನಿಮ್ಮಮ್ಮನಿಗೆ ಎರಡು ವಾರ ಬೇಕಾಯ್ತು. ನನಗೆ ಹೊಳೀಲೇ ಇಲ್ಲ. ನೀನು ಎರಡು ನಿಮಿಷಕ್ಕೆ ಕೇಳಿದೆ." ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. "ನಿನಗೆ ಲೆಕ್ಕ ಹತ್ತೋದಿಲ್ಲ ಅಂತ ಒಂದು ದಿನ ಹೇಳಿದ್ದೆನಂತೆ. ಹತ್ತದೇ ಇದ್ದದ್ದು ನನಗೆ ಕಣಮ್ಮ. ಎಲ್ಲರ ಮುಂದೆ ಹೇಳ್ತೀನಿ, ತಪ್ಪಾಯ್ತು."

ಅವಳ ಮುಖ ಕೆಂಪಾಯಿತು. ಆಮೇಲೆ, "ಅದಿರಲಿ ಸಾರ್, ಕಮ್ಮಿ ಆಗುತ್ತೋ ಇಲ್ಲವೋ?" ಎಂದು ಗದರಿಸಿದ ಹಾಗೆ ಕೇಳಿದಳು.

"ಸೇರಿಸಿದ ತುಂಡು ತಾನೇ?" ಬೆಂಚಿನ ಮೇಲಿದ್ದ ಬೇಕರಿಯವನ ಹೆಂಡತಿ ಬಾಯಿ ಹಾಕಿದಳು. "ನನ್ನ ಸ್ಕರ್ಟಿನ ತುಂಬ ಅದೇ ಇದೆಯಲ್ಲೇ. ನಾನು ದಪ್ಪಗಾದಾಗೆಲ್ಲ ನಿಮ್ಮಮ್ಮ ಒಂದೊಂದು ಸೇರಿಸ್ತಾ ಹೋದಳು. ಬೇಕಾದ್ರೆ ಅಳೆದು ನೋಡು, ನನಗೇನು ನಾಚಿಕೆ!" ಎಂದು ಸ್ಕರ್ಟಿನ ಅಂಚನ್ನು ಎರಡೂ ಕೈಯಲ್ಲಿ ಹರಡಿ ಹಿಡಿದಳು. ಬೆಳಗಿನಿಂದ ಮೊದಲ ಸಲ ಕೋಣೆಯಲ್ಲಿ ನಗು ಎದ್ದಿತು.

ಮಗಳು ನಗಲಿಲ್ಲ. ಅವಳು ಆಗಲೇ ನೆಲದ ಮೇಲೆ ಕೂತು ಆ ಅಂಚನ್ನು ಸಮ ಮಾಡಲು ನೋಡುತ್ತಿದ್ದಳು. ಒಂದು ಅಲೆ ಒತ್ತಿದರೆ ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು. ಅದನ್ನು ಒತ್ತಿದರೆ ಮತ್ತೊಂದು.

"ಚಪ್ಪಟೆ ಕೂರ್ತಾನೇ ಇಲ್ಲ" ಎಂದಳು, ಬೇರೆ ಯಾರಿಗೋ ಹೇಳಿದ ಹಾಗೆ. ಆಮೇಲೆ ತಲೆ ಎತ್ತದೆ ಕೈ ಮಾತ್ರ ಹಿಂದಕ್ಕೆ ಚಾಚಿದಳು. "ಸಾರ್, ಸೀಮೆಸುಣ್ಣ ಕೊಡಿ, ತ್ರಿಕೋನ ಎಳೀತೀನಿ. ಆ ಕಡೆ ತುದಿ ನೀವು ಹಿಡ್ಕೊಳ್ಳಿ."

ಮೇಷ್ಟ್ರು ಕತ್ತರಿಸುವ ಮೇಜಿನ ಮೇಲಿದ್ದ ಚಪ್ಪಟೆ ಸೀಮೆಸುಣ್ಣವನ್ನು ತಂದು ಅವಳ ಕೈಗಿಟ್ಟರು. ಬೆಂಚನ್ನು ಊರುಗೋಲು ಮಾಡಿಕೊಂಡು, ಒಂದು ಮಂಡಿ ಮೊದಲು, ಇನ್ನೊಂದು ಮಂಡಿ ಆಮೇಲೆ, ಅವಳ ಪಕ್ಕದಲ್ಲಿ ನೆಲಕ್ಕೆ ಕೂತರು.