ಮದುವೆ ದಿನದ ಸಿಹಿ

"ಇವತ್ತು ಇವನ ಮದುವೆ ದಿನ," ಎಂದು ಪ್ರಿಂಟಿಂಗ್ ಪ್ರೆಸ್ಸಿನವನು ಹೋಟೆಲಿನ ಮಾಲೀಕನಿಗೆ ಹೇಳಿದಾಗ ಡ್ರಾಯಿಂಗ್ ಮೇಷ್ಟ್ರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಅದು ಈ ಮೂವರು ಗೆಳೆಯರ ಹಳೇ ಚಟ. ಎಲ್ಲಿಗೆ ಪ್ರವಾಸ ಹೋದರೂ ಒಂದು ಹೊತ್ತಿನ ಊಟಕ್ಕೆ ಇವರಲ್ಲೊಬ್ಬನ ಸುಳ್ಳು ಹುಟ್ಟುಹಬ್ಬ ಬಂದೇ ಬರುತ್ತಿತ್ತು. ಪುಕ್ಕಟೆ ಸಿಹಿ ತಿಂದು, ಬೀದಿಗೆ ಬಂದು, ಹೊಟ್ಟೆ ಹುಣ್ಣಾಗುವಂತೆ ನಗುವುದು. ಐವತ್ತು ದಾಟಿದ್ದರೂ ಬುದ್ಧಿ ಮಾತ್ರ ಇನ್ನೂ ಕಾಲೇಜಿನ ಕ್ಯಾಂಟೀನಿನಲ್ಲೇ ಇತ್ತು. ಈ ಸಲ ಮೇಷ್ಟ್ರ ಸರದಿ. ಹುಟ್ಟುಹಬ್ಬ ಹೇಳಿ ಹೇಳಿ ಬೇಜಾರಾಗಿ ಪ್ರೆಸ್ಸಿನವನು ಮದುವೆ ದಿನ ಎಂದುಬಿಟ್ಟಿದ್ದ.

ಹೆಂಡತಿ ಮನೆ ಬಿಟ್ಟು ತನ್ನ ಅಕ್ಕನ ಮನೆ ಸೇರಿ ತಿಂಗಳುಗಳಾಗಿದ್ದವು ಎಂಬುದನ್ನು ಮೇಷ್ಟ್ರು ಇವರಿಬ್ಬರಿಗೆ ಹೇಳಿರಲಿಲ್ಲ. ಜಗಳವಾಡಿ ಹೋಗಿದ್ದರೆ ಕಾಲಾದರೂ ಹಿಡಿಯಬಹುದಿತ್ತು. ಅವಳು ಒಂದು ಬೆಳಿಗ್ಗೆ ಕಾಫಿ ಕೊಟ್ಟು, "ನಂಗೆ ಸಾಕಾಗಿದೆ," ಎಂದು ಬ್ಯಾಗು ಹಿಡಿದು ಹೊರಟಿದ್ದಳು. ಏನು ಸಾಕಾಯಿತು ಎಂಬುದರ ತಲೆಬುಡ ಅವರಿಗೆ ಇನ್ನೂ ತಿಳಿದಿರಲಿಲ್ಲ. ಫೋನು ಮಾಡಿದರೆ ಅವಳು ಎತ್ತುತ್ತಿರಲಿಲ್ಲ. ಆಮೇಲೆ ಇವರು ಮಾಡುವುದನ್ನೂ ಬಿಟ್ಟರು.

ಪರದೇಶದ ಇಂಡಿಯನ್ ಹೋಟೆಲಿನಲ್ಲಿ ತನ್ನ ಭಾಷೆ ಕಿವಿಗೆ ಬಿದ್ದಾಗಿನಿಂದ ಮಾಲೀಕನಿಗೆ ನೆಲದ ಮೇಲೆ ಕಾಲೇ ನಿಂತಿರಲಿಲ್ಲ. ಕುರ್ಚಿ ಎಳೆದುಕೊಂಡು ಇವರ ಟೇಬಲ್ಲಿಗೇ ಬಂದು ಕೂತ.

"ಅಮ್ಮಾವ್ರು ಎಲ್ಲಿ ಸಾರ್? ಮದುವೆ ದಿನ ಒಬ್ರೇ ಬಂದಿದೀರಲ್ಲ."

"ಊರಲ್ಲಿದಾಳೆ."

"ಹಾಗಾದ್ರೆ ವಿಡಿಯೊ ಕಾಲ್ ಮಾಡಿ. ಅವರ ಮುಂದೇನೇ ಸಿಹಿ ತಿನ್ನಿ."

"ಬೇಡ, ಅವಳಿಗೆ ಕೆಲಸ ಇರುತ್ತೆ," ಎಂದು ಮೇಷ್ಟ್ರು ಹೇಳುವಷ್ಟರಲ್ಲಿ ಮೂರನೆಯವನು, ಕನ್ನಡಕದ ಅಂಗಡಿಯವನು, ಟೇಬಲ್ಲಿನ ಮೇಲಿದ್ದ ಅವರ ಫೋನನ್ನು ಎತ್ತಿಕೊಂಡು ಒತ್ತಿಯೇಬಿಟ್ಟಿದ್ದ. ಎತ್ತುವುದಿಲ್ಲ ಬಿಡು ಎಂದು ಮೇಷ್ಟ್ರು ಸಮಾಧಾನ ಹೇಳಿಕೊಂಡರು. ಅವಳು ತಕ್ಷಣ ಎತ್ತಿದಳು.

"ಅತ್ತಿಗೆ, ಮದುವೆ ದಿನದ ಶುಭಾಶಯ," ಎಂದ ಕನ್ನಡಕದವನು, ಕಣ್ಣು ಮಿಟುಕಿಸಿ.

ಈ ಆಟ ಅವಳಿಗೆ ಹೊಸದಲ್ಲ. ಪ್ರತಿ ಪ್ರವಾಸ ಮುಗಿದ ಮೇಲೂ ಮೇಷ್ಟ್ರು ಅವಳಿಗೆ ವರದಿ ಒಪ್ಪಿಸುತ್ತಿದ್ದರು. ಅವಳು ನಕ್ಕಳು. "ನೆನಪಿಟ್ಕೊಂಡಿದಾರಲ್ಲ, ಪುಣ್ಯ."

"ಯಜಮಾನ್ರನ್ನ ಚೆನ್ನಾಗಿ ನೋಡ್ಕೊಳ್ತೀವಮ್ಮ," ಎಂದು ಮಾಲೀಕ ಇಣುಕಿದ.

"ಖಾರ ಜಾಸ್ತಿ ಹಾಕ್ಬೇಡಿ. ಅವರಿಗೆ ಆಗಲ್ಲ."

ಆ ನಗು ಆಟದ್ದೋ, ನಿಜವಾದದ್ದೋ? ಮೇಷ್ಟ್ರಿಗೆ ಬಗೆಹರಿಯಲಿಲ್ಲ. ಕತ್ತು ಚಾಚಿ ಪರದೆ ನೋಡಿದರೆ ಅವಳ ಬೆನ್ನ ಹಿಂದೆ ಹಸಿರು ಟೈಲ್ಸು, ತಾವೇ ಸೊಟ್ಟಗೆ ಹೊಡೆದ ಶೆಲ್ಫು. ಅದು ಅಕ್ಕನ ಮನೆಯಲ್ಲ. ತಮ್ಮದೇ ಅಡುಗೆಮನೆ. ಇನ್ನೊಂದು ಬೀಗದ ಕೈ ಅವಳ ಹತ್ತಿರ ಇತ್ತಲ್ಲ! ಇರೋದಕ್ಕೆ ಬಂದಳೇ? ತಾವಿಲ್ಲದ ಹೊತ್ತು ನೋಡಿ ಉಳಿದ ಸಾಮಾನು ಒಯ್ಯಲು ಬಂದಳೇ? ಮೂವರ ಎದುರು ಇದನ್ನು ಹೇಗೆ ಕೇಳುವುದು?

"ತಗೊ, ಮಾತಾಡೋ. ನಾಚ್ಕೋಬೇಡ," ಎಂದು ಕನ್ನಡಕದವನು ಫೋನನ್ನು ಕೈಗಿತ್ತ.

ಇಬ್ಬರಿದ್ದಾಗ ಮನೆಗೆ ದಿನಾ ಒಂದು ಲೀಟರ್ ಹಾಲು ಬರುತ್ತಿತ್ತು. ಅವಳು ಹೋದ ಮೇಲೆ ಅರ್ಧಕ್ಕೆ ಇಳಿಸಿದ್ದರು. ಪ್ರವಾಸ ಹೊರಡುವಾಗ ಪೂರಾ ನಿಲ್ಲಿಸಿದ್ದರು. ಮೇಷ್ಟ್ರ ಬಾಯಿಗೆ ಬಂದದ್ದು ಅದೊಂದೇ.

"ಹಾಲಿನವನಿಗೆ ಹೇಳ್ಬೇಕಿತ್ತು," ಎಂದರು. "ನಾನು ಬಂದ್ಮೇಲೆ... ಅರ್ಧ ಲೀಟರ್ ಹಾಕು ಅನ್ಲಾ, ಒಂದು ಲೀಟರ್ ಅನ್ಲಾ?"

ಪ್ರೆಸ್ಸಿನವನು ಟೇಬಲ್ ಬಡಿದು ನಕ್ಕ. "ಮದುವೆ ದಿನ ಹೆಂಡ್ತಿ ಹತ್ರ ಹಾಲಿನ ಸುದ್ದಿ ಎತ್ತೋ ಗಂಡಸನ್ನ ಇವತ್ತೇ ನೋಡಿದ್ದು ಕಣಯ್ಯ."

ಅವಳು ನಗಲಿಲ್ಲ. ಮೇಷ್ಟ್ರ ಮುಖವನ್ನೇ ನೋಡಿದಳು. ಅಷ್ಟು ಹೊತ್ತು ಅವಳು ತಮ್ಮನ್ನು ನೋಡಿ ಎಷ್ಟು ಕಾಲವಾಗಿತ್ತೋ.

"ಸ್ವಲ್ಪ ಇರಿ," ಎಂದು ಫೋನನ್ನು ಕಟ್ಟೆಯ ಮೇಲೆ ಅಂಗಾತ ಇಟ್ಟಳು.

ಪರದೆಯ ತುಂಬ ಅಡುಗೆಮನೆಯ ಚಾವಣಿ. ಒಗ್ಗರಣೆ ಹೊಗೆಗೆ ಹಳದಿಯಾದ ಮೂಲೆ, ಒಂದು ಟ್ಯೂಬ್‌ಲೈಟು. ಪಾತ್ರೆ ಪಾತ್ರೆಗೆ ತಾಗುವ ಸದ್ದು ಕೇಳಿಸಿತು. ಶೆಲ್ಫಿಗೆ ಇಡುತ್ತಿದ್ದಾಳೋ, ಶೆಲ್ಫಿನಿಂದ ಇಳಿಸುತ್ತಿದ್ದಾಳೋ.

ಮಾಲೀಕ ಸಿಹಿಯ ಬಟ್ಟಲು ತಂದಿಟ್ಟ. ಗೆಳೆಯರು ಚಮಚ ಹಾಕಿದರು. "ಬೇಗ ಬಾರೋ, ಖಾಲಿಯಾಗ್ತಿದೆ," ಎಂದ ಒಬ್ಬ.

ಮೇಷ್ಟ್ರು ಫೋನನ್ನು ಎಡಕ್ಕೊಮ್ಮೆ ವಾಲಿಸಿದರು, ಬಲಕ್ಕೊಮ್ಮೆ ವಾಲಿಸಿದರು. ಕತ್ತನ್ನೂ ಓರೆ ಮಾಡಿ ಅಂಚಿನಾಚೆ ಇಣುಕಿದರು. ಯಾವ ಕಡೆ ವಾಲಿಸಿದರೂ ಅದೇ ಚಾವಣಿ.